15 ವ್ಯಾಟಿನ ಗಿಟಾರ್ ಟ್ಯೂಬ್ ಆಂಪ್: ಬ್ಲೂಸ್ ಜೂನಿಯರ್ರೋ, ಎಸಿ15ಓ? ಬಳಸಿದವರು ಹೇಳ್ರಿ

ಕೇಶ್ವಾಪುರ ಸ್ಟ್ರಾಟ್:
ನಮಸ್ಕಾರ್ರಿ ಎಲ್ಲಾರಿಗೂ. ಗಿಟಾರಿನ ಸದ್ದು ದೊಡ್ಡದು ಮಾಡೂ ಟ್ರಾನ್ಸಿಸ್ಟರ್ ಆಂಪ್ ಸಾಕಾಗೇತಿ, ಗಾಜಿನ ವಾಲ್ವ್ ಇರೂ ಟ್ಯೂಬ್ ಆಂಪಿಗೆ ಹೋಗಬೇಕಂತ ರೊಕ್ಕಾ ಕೂಡಿಸೇನಿ. ತೊಂಬತ್ತು ಸಾವಿರದೊಳಗ, ಸೆಕೆಂಡ್ ಹ್ಯಾಂಡ್ ಆದ್ರೂ ನಡೀತೈತಿ. ಎರಡು ಕಣ್ಣಾಗ ಅದಾವು: ಫೆಂಡರ್ ಬ್ಲೂಸ್ ಜೂನಿಯರ್ 4, ವೋಕ್ಸ್ ಎಸಿ15ಸಿ1. ಬಾಡಿಗಿ ಮನಿ, ಮ್ಯಾಲ ಮಾಲಕರು ಇರ್ತಾರ. ಭಾನುವಾರ ಗೋಕುಲ ರೋಡಿನ ಒಂದು ಶೆಡ್ಡಿನಾಗ ಡ್ರಮ್ಮು, ಬಾಸು ಕೂಡ ಬಾರಸ್ತೀವಿ. ಸ್ಟ್ರಾಟ್ ಅನ್ನೂ ಎಲೆಕ್ಟ್ರಿಕ್ ಗಿಟಾರ್ ಒಂದ, ಸದ್ದು ಬದಲಿಸೂ ಪೆಡಲ್ ಎರಡ್ಮೂರು. ಯಾವ್ದು ತಗೊಳ್ಳಿ?

ಉಣಕಲ್ ಟ್ವ್ಯಾಂಗ್:
ಕಣ್ಣು ಮುಚ್ಚಿ ಬ್ಲೂಸ್ ಜೂನಿಯರ್ ತಗೋರಿ. ಆದ್ರ ಬರೇ ಆಂಪಿನ ರೇಟು ನೋಡಿ ಲೆಕ್ಕಾ ಹಾಕಬ್ಯಾಡ್ರಿ, ನಂದು ಹೆಂಗ ಆತು ಕೇಳ್ರಿ. ಬೆಂಗಳೂರಾಗ ಒಬ್ಬರ ಕಡೆ 62,000ಕ್ಕ ಸೆಕೆಂಡ್ ಹ್ಯಾಂಡ್ ಸಿಕ್ತು. ಲಾರಿ ಪಾರ್ಸಲ್ 1,150. ಮನಿಗೆ ತಂದು ಬಿಚ್ಚಿ ನೋಡಿದ್ರ ಸ್ಪೀಕರಿಗೆ ಪವರ್ ಕೊಡೂ ಎರಡು ಇಎಲ್84 ಟ್ಯೂಬಿನಾಗ ಒಂದರ ಗಾಜು ಒಡದಿತ್ತು, ಇನ್ನೊಂದು ಸಾಕೆಟ್ಟಿನಿಂದ ಎದ್ದು ಡಬ್ಬಿ ತಳದಾಗ ಉಳ್ಳಾಡತಿತ್ತು. ಪಾರ್ಸಲ್‌ದವನ ಕೇಳಿದ್ರ ‘ಗಾಜಿನ ಸಾಮಾನಂತ ರಸೀದಿ ಮ್ಯಾಲ ಎಲ್ಲೈತ್ರಿ’ ಅಂದ. ಒಂದಕ್ಕೊಂದು ಹೊಂದೂ (ಮ್ಯಾಚ್ಡ್) ಜೋಡಿ ಟ್ಯೂಬ್ 4,200, ಅದು ಬರೂತನಕ ಆಂಪು ದೇವರ ಕೋಲಿ ಬಾಜೂಕ ಸುಮ್ಮನ ಕುಂತಿತ್ತು, ನಮ್ಮವ್ವ ಅದರ ಮ್ಯಾಲ ಹಪ್ಪಳದ ಬುಟ್ಟಿ ಇಟ್ಟಿದ್ಲು. ಸ್ಟೆಬಿಲೈಜರ್ 2,800. ದುರ್ಗದಬೈಲ್ ಕಡೆ ಬ್ಯಾಗ್ ಹೊಲಿಯವನ ಹಂತ್ಯಾಕ ಕವರು ಹೊಲಿಸಿದ್ದು 900. ವಾರಿ ಮಾಡಿ ನಿಲ್ಲಸಾಕ ಬಡಗ್ಯಾರ ಕಡಿಂದ ಸ್ಟ್ಯಾಂಡ್ 1,400. ಎಲ್ಲಾ ಕೂಡಿ 72,450.

ಸ್ಟೆಬಿಲೈಜರ್ ಯಾಕಂದ್ರ, ಬ್ಯಾಸಗ್ಯಾಗ ಸಂಜಿಮುಂದ ನಮ್ಮ ಓಣ್ಯಾಗ ವೋಲ್ಟೇಜು 190ಕ್ಕ ಇಳೀತೈತಿ, ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ 250 ದಾಟತೈತಿ. ಸಂಜಿಮುಂದ ಬಾರಿಸಿದ್ರ ಸತ್ತ ಸದ್ದು, ರಾತ್ರಿ ಬಾರಿಸಿದ್ರ ಟ್ಯೂಬು ಸುಡೂ ವಾಸನಿ.

ಇಷ್ಟ ಆದ್ರೂ ಹೇಳ್ತೇನಿ, ಮಾಸ್ಟರ್ ಗುಂಡಿ ಪೂರ್ತಿ ಏರಿಸಿ ವಾಲ್ಯೂಮ್ ನಾಲ್ಕಕ್ಕ ಇಟ್ಟು ಸ್ಟ್ರಾಟಿನ ಕುತ್ತಿಗಿ ಪಿಕಪ್ ಮ್ಯಾಲ ಒಂದು ಕಾರ್ಡ್ ಹೊಡೀರಿ. ಅಷ್ಟ. 14 ಕೆಜಿ, ಬೈಕಿನ ಹಿಂದ ಕಟ್ಟಿಕೊಂಡು ನವನಗರಕ್ಕ ಹೋಗಿ ಬರ್ತೇನಿ. ಹಂಪ್ಸ್ ಬಂದ್ರ ರಿವರ್ಬಿನ (ಮಾರ್ದನಿ ಕೊಡೂ) ಸ್ಪ್ರಿಂಗು ಒಳಗ ಝಣಝಣ ಅಂತಾವು, ಅದಕ್ಕ ಹೆದರಬ್ಯಾಡ್ರಿ.

ಸಪ್ತಾಪುರ ಟಾಪ್‌ಬೂಸ್ಟ್:
ಉಣಕಲ್ಲಿನವರು ಹೇಳೂದೆಲ್ಲಾ ಟ್ಯೂಬಿನ ಖರ್ಚು, ಸದ್ದಿನ ಮಾತು ಒಂದ ಸಾಲು. ನಾ ಎರಡೂ ಬಾರಿಸೇನಿ. ಬ್ಲೂಸ್ ಜೂನಿಯರ್ ಕೇಳಿದ್ರ ಅವಲಕ್ಕಿ ಡಬ್ಬಿಯೊಳಗ ಬಾಯಿ ಇಟ್ಟು ಹಾಡಿಧಾಂಗ ಅನಸ್ತದ. ಒಂದ ಚಾನೆಲ್, ಸದ್ದು ಅಲುಗಿಸೂ ಟ್ರೆಮೊಲೊ ಇಲ್ಲ. ಎಸಿ15ದಾಗ ನಾರ್ಮಲ್ ಚಾನೆಲ್ ಒಂದು, ಮಿಂಚೂ ಸದ್ದಿನ ಟಾಪ್ ಬೂಸ್ಟ್ ಚಾನೆಲ್ ಒಂದು, ಟ್ರೆಮೊಲೊ ಅದ, ರಿವರ್ಬ್ ಅದ, ಮ್ಯಾಲ ಸೆಲೆಶನ್ ಗ್ರೀನ್‌ಬ್ಯಾಕ್ ಸ್ಪೀಕರ್. ಮುಖ್ಯ, ಇದು ಕ್ಲಾಸ್ ಎ, ಅಂದ್ರ ಟ್ಯೂಬಿನಾಗ ಕರೆಂಟು ಎಂದೂ ನಿಲ್ಲಂಗಿಲ್ಲ. ಫೆಂಡರಿನವರಿಗೆ ಆ ಭಾಗ್ಯ ಇಲ್ಲ.

ತ್ರಾಸು ಒಂದ, ತೂಕ. 22 ಕೆಜಿ. ನಮ್ಮದು ಮೂರನೇ ಅಂತಸ್ತು, ಲಿಫ್ಟ್ ಇಲ್ಲ. ಮೊದಲ ಹಮಾಲರಿಗೆ ಇಳಸಾಕ 150, ಏರಸಾಕ 150 ಕೊಡ್ತಿದ್ದೆ. ಆಮ್ಯಾಲ ಜಿಪುಣತನಾ ಮಾಡಿ ನಾನ ಎತ್ತಿದೆ, ಸೊಂಟಾ ಹಿಡೀತು. ಎಂಆರ್‌ಐ 6,500, ಫಿಸಿಯೊಥೆರಪಿ ಒಂದ ಸಲಕ್ಕ 400. ಈಗ ಕೆಳಗಿನ ಮನಿಯವರ ಜಿನ್ಯಾ ಬುಡಕ ಇಡ್ತೇನಿ, ತಿಂಗಳಿಗೆ ಅರ್ಧ ಕೆಜಿ ಪೇಢೆ ಬಾಡಿಗಿ. ಆದ್ರೂ ಮಾರಂಗಿಲ್ಲ.

ಗದಗ ವಾಲ್ವ್ ಕಾಕಾ:
ತಮ್ಮಾ ಸಪ್ತಾಪುರ, ಕ್ಲಾಸ್ ಎ ಅಂತ ಯಾರು ಹೇಳ್ಯಾರ ನಿನಗ? ಎರಡೂ ಆಂಪಿನಾಗ ಅವ ಎರಡು ಇಎಲ್84, ಅವ ಮೂರು 12ಎಎಕ್ಸ್7 ಅನ್ನೂ ಸಣ್ಣ ಟ್ಯೂಬು. ಒಂದು ಇಎಲ್84 ತಡಕೊಳ್ಳೂದು 12 ವ್ಯಾಟ್ ಶಾಖ, ಎರಡು ಕೂಡಿ 24. ಕ್ಲಾಸ್ ಎದಾಗ ಒಳಗ ಹೋದದ್ದರಾಗ ಅರ್ಧಕ್ಕಿಂತ ಹೆಚ್ಚು ಸದ್ದಾಗಿ ಹೊರಗ ಬರಂಗಿಲ್ಲ. ಅಂದ್ರ 12. ಮತ್ತ ನಿನ್ನ 15 ವ್ಯಾಟು ಎಲ್ಲಿಂದ ಬಂತು? ಅದು ಎರಡು ಟ್ಯೂಬು ಜೋಡಿಯಾಗಿ ದುಡಿಯೂ ಪುಶ್-ಪುಲ್, ಬಯಾಸ್ (ಟ್ಯೂಬಿನ ಕರೆಂಟಿನ ಹದಾ) ತಾನ ಸರಿ ಆಗೂ ಕ್ಯಾಥೋಡ್ ನಮೂನಿದು. ಸಣ್ಣಗ ಬಾರಿಸಿದಾಗ ಕ್ಲಾಸ್ ಎ, ಜೋರು ಮಾಡಿದ್ರ ಎಬಿ, ಅಂದ್ರ ಒಂದು ದುಡಿವಾಗ ಇನ್ನೊಂದಕ್ಕ ಒಂದೀಟು ವಿಶ್ರಾಂತಿ. ಹೊರಗ ಬಂದ ಸದ್ದಿನ ಒಂದು ಪಾಲು ಒಳಗ ತಿರುಗಿಸಿ ಪಳಗಿಸೂ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲದಕ್ಕ ಆ ಮಿಂಚು ಬರತೈತಿ, ಕ್ಲಾಸಿನಿಂದಲ್ಲ.

ಉಣಕಲ್ಲಿನವ್ರ, ನಿಮ್ಮ ಆಂಪು ಫಿಕ್ಸೆಡ್ ಬಯಾಸ್, ಅದನ್ನ ಹೆಚ್ಚುಕಡಿಮಿ ಮಾಡಾಕ ತಿರುವೂ ಪಾಟ್ (ಗುಂಡಿ) ಕೊಟ್ಟಿಲ್ಲ. ಮೇನ್ಸು 230ರ ಬದಲಿ 253 ಆದ್ರ 6.3 ವೋಲ್ಟಿನ ಹೀಟರಿಗೆ 6.9 ಹೋಗತೈತಿ, ಟ್ಯೂಬಿನ ಹೈ ವೋಲ್ಟೇಜ್ ಪ್ಲೇಟಿಗೂ ಅಷ್ಟ ಪಾಲು ಏರತೈತಿ. ಪ್ಲೇಟು ಕೆಂಪಾದ್ರ ತಕ್ಷಣ ಬಂದ್ ಮಾಡ್ರಿ. ಸ್ಟೆಬಿಲೈಜರಿಗೆ ಹಾಕಿದ ರೊಕ್ಕಾ ದಂಡಲ್ಲ.

ನಾವು ವಾಲ್ವ್ ರೇಡಿಯೋ ರಿಪೇರಿ ಮಾಡೂ ಕಾಲಕ್ಕ ಇದ ಇಎಲ್84 ಮನಿಮನಿ ರೇಡಿಯೋದಾಗ ಇತ್ತು. ಧಾರವಾಡ ಆಕಾಶವಾಣಿ ಕೇಳಾಕ ಎಲ್ಲಾರಿಗೂ ಅದ ಸಾಕಾಗಿತ್ತು, ಯಾರೂ ಕ್ಲಾಸ್ ಕೇಳಲಿಲ್ಲ.

ಸಪ್ತಾಪುರ ಟಾಪ್‌ಬೂಸ್ಟ್:
ಕಾಕಾರ, ದೊಡ್ಡವರು ಅಂತ ಸುಮ್ಮನಿದ್ದೇನಿ. ಬಡ್ಡಿ ಮ್ಯಾಲ ಸಾಲಾ ತಂದು 88,000 ಕೊಟ್ಟವನಿಗೆ ಲೆಕ್ಕಾ ಕಲಿಸಬ್ಯಾಡ್ರಿ. ಎಲ್ಲಾರೂ ಕ್ಲಾಸ್ ಎ ಅಂತ ಬರದಾರ.

ಗದಗ ವಾಲ್ವ್ ಕಾಕಾ:
ಎಲ್ಲಾರೂ ಬರದಾರ, ಒಬ್ಬನೂ ಮೀಟರ್ ಹಚ್ಚಿಲ್ಲ. ನೀನೂ ಹಚ್ಚಬ್ಯಾಡ. ಪ್ಲಗ್ ಕಿತ್ತ ಮ್ಯಾಲೂ ಕೆಪಾಸಿಟರಿನ್ಯಾಗ ಮುನ್ನೂರು ವೋಲ್ಟ್ ನಿಂತಿರತೈತಿ.

ಹಾವೇರಿ ಆರ್ಕೆಸ್ಟ್ರಾ:
ನಗೀ ಬರತೈತಿ. ಟ್ಯೂಬ್ ಬ್ಯಾಡ, ಯಾವುದೂ ಬ್ಯಾಡ. ನನ್ನ ಕಡೆ ಇವೆರಡೂ ಅಲ್ಲದ ಬ್ಯಾರೆ ಕಂಪನಿದು 15 ವ್ಯಾಟಿಂದು ಇತ್ತು, ಹೆಸರು ಬ್ಯಾಡ. ಗಣಪತಿ ಹಬ್ಬದಿಂದ ಹಿಡದು ಜಾತ್ರಿ ಮುಗಿಯೂತನಕ ಸ್ಟೇಜಿನ ಮ್ಯಾಲ. ಜನರೇಟರಿನ ಕರೆಂಟು, ಮುಂದ ಧೂಳು, ಹಿಂದ ಬ್ಯಾಂಜೊದವನ ಕಾಲು. ಕೀಬೋರ್ಡು, ಪ್ಯಾಡು ಎಲ್ಲಾ ಶುರು ಆದ್ರ 15 ವ್ಯಾಟು ಯಾವ ಮೂಲಿಗೆ? ಕಡೀಕ ಆಂಪಿನ ಮುಂದ ಮೈಕ್ ಇಟ್ಟು ಸೌಂಡಿನವನ ಕೈಯಾಗ ಕೊಡೂದು, ಅಂವ ಟ್ರೆಬಲ್ ಎಲ್ಲಾ ತಗೀತಿದ್ದ.

ಒಂದು ರಾತ್ರಿ ನಮ್ಮ ಹುಡುಗ ವೈರ್ ಸರಸೂವಾಗ ಸ್ಪೀಕರಿನ ಪಿನ್ ಕಿತ್ತ. ಸದ್ದು ಬರಲಿಲ್ಲಂತ ನಾ ವಾಲ್ಯೂಮ್ ಏರಸ್ತಾ ಹೋದೆ. ಚಟ್ ಅಂತು, ಹೊಗಿ ಬಂತು. ಟ್ಯೂಬಿಂದ ಸ್ಪೀಕರಿಗೆ ಸದ್ದು ದಾಟಿಸೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋತು. ಹುಬ್ಬಳ್ಳ್ಯಾಗ ಒಬ್ಬ ವೈಂಡಿಂಗಿನವ 3,800 ತಗೊಂಡು ಸುತ್ತಿಕೊಟ್ಟ, ಒಂದ ಸೀಜನ್ನಿಗೆ ಮತ್ತ ಸುಟ್ಟಿತು. 55,000ದ ಮಾಲು 21,000ಕ್ಕ ಕೊಟ್ಟೆ. ಈಗ ಎಲ್ಲಾ ಆಂಪಿನ ಸದ್ದು ನಕಲು ಮಾಡೂ ಮಾಡೆಲರ್ ಪೆಡಲ್ ಒಂದು, ಹೆಗಲಿಗೆ ಚೀಲಾ ಹಾಕ್ಕೊಂಡು ಕೆಂಪು ಬಸ್ ಹತ್ತೂದು. ಅದರಾಗ ನಿಮ್ಮ ಫೆಂಡರೂ ಐತಿ, ವೋಕ್ಸೂ ಐತಿ.

ಉಣಕಲ್ ಟ್ವ್ಯಾಂಗ್:
ಕಂಪ್ಯೂಟರ್ ಡಬ್ಬಿಗೆ ಆಂಪ್ ಅನ್ನಬ್ಯಾಡ್ರಿ. ಸ್ಪೀಕರ್ ಪಿನ್ ನೋಡ್ದ ವಾಲ್ಯೂಮ್ ಏರಿಸಿದವರು ನೀವು, ಬೈಸಿಕೊಳ್ಳೂದು ಟ್ಯೂಬು.

ಹಾವೇರಿ ಆರ್ಕೆಸ್ಟ್ರಾ:
ನೀ ವರ್ಷಕ್ಕ ಎಷ್ಟು ಸ್ಟೇಜ್ ಮಾಡ್ತೀಯೋ? ಹಪ್ಪಳದ ಬುಟ್ಟಿ ಇಡಾಕ 72 ಸಾವಿರದ ಟೇಬಲ್ ತಗೊಂಡಾಂವ ನನಗ ಹೇಳಾಕ ಬರ್ತಿ.

ಬೆಟಗೇರಿ ಕಾಯರ್:
ಸಣ್ಣ ಮಂದಿಗತೆ ಜಗಳಾಡಬ್ಯಾಡ್ರಿ ಅಣ್ಣಾರ. ನಾ ಚರ್ಚಿನಾಗ ಬಾರಸ್ತೇನಿ. ನಮ್ಮ ಕಡೆ ಎಲ್ಲಾ ಆಂಪಿಗೂ ಒಂದ ತಕರಾರು, ‘ಸ್ವಲ್ಪ ಸಣ್ಣ ಮಾಡವಾ’. ಗ್ರೀನ್‌ಬ್ಯಾಕ್ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ರ ಒಂದು ಮೀಟರ್ ದೂರದಾಗ 98 ಡೆಸಿಬಲ್. 15 ವ್ಯಾಟಿಗೆ ಸುಮಾರು 110. ಮಂದಿ 7 ವ್ಯಾಟಿಂದು ತಗೊಂಡ್ರ ಸದ್ದು ಅರ್ಧ ಆಗತೈತಿ ಅಂತ ತಿಳಕೊಂಡಾರ, ಕಡಿಮಿ ಆಗೂದು ಮೂರ ಡೆಸಿಬಲ್. ಅದೂ ಗೊತ್ತಾದದ್ದು ನಾ 5 ವ್ಯಾಟಿನ ಟ್ಯೂಬ್ ಆಂಪ್ 31,000ಕ್ಕ ತಂದ ಮ್ಯಾಲ, ಪಾಸ್ಟರು ಮತ್ತ ಕೈ ಕೆಳಗ ಮಾಡಿ ತೋರಿಸಿದ್ರು. ಆಮ್ಯಾಲ ಆಂಪಿಗೂ ಸ್ಪೀಕರಿಗೂ ನಡುವ ಪವರ್ ತಗ್ಗಸೂ ಅಟೆನ್ಯುಯೇಟರ್ ಹಾಕಿದೆ, 14,500. ಆಂಪಿನ ಅರ್ಧ ರೇಟು! ಅದರಾಗೂ ಸ್ಪೀಕರಿನ ಓಂ (ರೋಧ) ನೋಡಿ ತಗೋಬೇಕು. ಬ್ಲೂಸ್ ಜೂನಿಯರಿನ ಸ್ಪೀಕರ್ 8 ಓಂ, ಎಸಿ15ದು 16.

ಕೇಶ್ವಾಪುರದವ್ರ, ವಸತಿ ಜಾಗಾದಾಗ ಕಾನೂನಿನ ಮಿತಿ ಹಗಲಿಗೆ 55, ರಾತ್ರಿ ಹತ್ತರ ಮ್ಯಾಲ 45 ಡೆಸಿಬಲ್. ಎರಡರಾಗ ಯಾವುದು ತಂದ್ರೂ ಮಾಲಕರು ಕೆಳಗ ಇಳದು ಬರ್ತಾರ.

ಕೇಶ್ವಾಪುರ ಸ್ಟ್ರಾಟ್:
ಥ್ಯಾಂಕ್ಸ್ ಅಕ್ಕಾರ. ಮಾಲಕರು ರಿಟೈರ್ಡ್ ಮಾಸ್ತರು, ಮುಂಜಾನೆ ಹಾರ್ಮೋನಿಯಂ ನುಡಿಸ್ತಾರ. ಗಿಟಾರ್ ಅಂದ್ರ ಮುಖಾ ತಿರವ್ತಾರ.

ಮಾಳಮಡ್ಡಿ ಷಡ್ಜ:
ತಿರವದ ಏನು ಮಾಡ್ಯಾರು? ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಹಾಡಿದ ನಮ್ಮ ಧಾರವಾಡದ ಸೀಮಿ ಇದು. ಹಾರ್ಮೋನಿಯಂಗೆ ಟ್ಯೂಬೂ ಬ್ಯಾಡ, ಸ್ಟೆಬಿಲೈಜರೂ ಬ್ಯಾಡ.

ಉಣಕಲ್ ಟ್ವ್ಯಾಂಗ್:
ಗಂಗೂಬಾಯಿಯವರು ಹುಬ್ಬಳ್ಳಿಯವರು ಸ್ವಾಮಿ. ದೇಶಪಾಂಡೆ ನಗರದಾಗ ಮನಿ ಐತಿ, ಬಂದು ನೋಡ್ರಿ.

ಮಾಳಮಡ್ಡಿ ಷಡ್ಜ:
ಹುಟ್ಟಿದ್ದು ಧಾರವಾಡದಾಗ, 1913. ಮನಿ ಎಲ್ಲಾದ್ರೂ ಕಟ್ಟಲಿ.

ಗದಗ ವಾಲ್ವ್ ಕಾಕಾ:
ಭೀಮಸೇನ ಜೋಶಿ ನಮ್ಮ ರೋಣದಾಗ ಹುಟ್ಟಿದ್ದು, ಪುಟ್ಟರಾಜ ಗವಾಯಿಗಳು ನಮ್ಮ ಗದಗಿನವರು. ನಾವೇನು ಜಗಳಾ ತಗದೀವೇನ್ರಿ?

ಹಾವೇರಿ ಆರ್ಕೆಸ್ಟ್ರಾ:
ಗವಾಯಿಗಳು ಹುಟ್ಟಿದ್ದು ಹಾನಗಲ್ ತಾಲೂಕಿನ ದೇವಗಿರಿ, ಅಂದ್ರ ಹಾವೇರಿ ಜಿಲ್ಲಾ. ತಗೋರಿ.

ಗದಗ ವಾಲ್ವ್ ಕಾಕಾ:
ಹುಟ್ಟಿಸಿದವರು ನೀವು, ವೀರೇಶ್ವರ ಪುಣ್ಯಾಶ್ರಮ ಎಲ್ಲೈತಿ?

ಸಪ್ತಾಪುರ ಟಾಪ್‌ಬೂಸ್ಟ್:
ನೀವು ಹುಟ್ಟಿದೂರು ಹುಡಕ್ರಿ. ಕೇಶ್ವಾಪುರದವ್ರ, ಮೊದಲ ಕಿವೀಲೆ ಕೇಳ್ರಿ. ಧಾರವಾಡಕ್ಕ ಬರ್ರಿ, ನಂದು ಜಿನ್ಯಾ ಬುಡಕ ಅದ, ಅಲ್ಲೇ ಪ್ಲಗ್ ಹಚ್ಚೋಣು. ನಾರ್ಮಲ್ ಚಾನೆಲ್ಲಿಗೆ ನಿಮ್ಮ ಪೆಡಲ್ ಹಾಕ್ರಿ, ಆಮ್ಯಾಲ ಟಾಪ್ ಬೂಸ್ಟಿಗೆ ಬರೇ ಗಿಟಾರ್.

ಉಣಕಲ್ ಟ್ವ್ಯಾಂಗ್:
ಧಾರವಾಡಕ್ಕ ಹೋಗೂ ದಾರ್‍ಯಾಗ ಉಣಕಲ್ ಬರತೈತಿ. ಮೊದಲ ಇಲ್ಲಿ ಇಳೀರಿ. ಇಲ್ಲಾಂದ್ರ ಬ್ಯಾಡ, ನಾನ ಭಾನುವಾರ ಬೈಕ್ ಮ್ಯಾಲ ನಿಮ್ಮ ಶೆಡ್ಡಿಗೆ ತರ್ತೇನಿ, ಡ್ರಮ್ಮಿನ ಜೋಡಿ ಕೇಳ್ರಿ. 22 ಕೆಜಿದವರು ತರ್ತಾರೇನು ಕೇಳಿ ನೋಡ್ರಿ.

ಸಪ್ತಾಪುರ ಟಾಪ್‌ಬೂಸ್ಟ್:
ತರ್ತೇನಿ. ಹಮಾಲರ 300 ನಾನ ಕೊಡ್ತೇನಿ, ಟೆಂಪೋದ ಬಾಡಿಗಿ ಸೋತವರದು.

ಕೇಶ್ವಾಪುರ ಸ್ಟ್ರಾಟ್:
ಇಬ್ಬರೂ ಬರ್ರಿ. ಹತ್ತಕ್ಕ ಶೆಡ್ಡು ತಗಿಸಿರ್ತೇನಿ. ಸ್ಟೆಬಿಲೈಜರ್ ತರೂದು ಮರೀಬ್ಯಾಡ್ರಿ, ಅಲ್ಲಿ ಬಾಜೂಕ ವೆಲ್ಡಿಂಗಿನವ ಅದಾನ.

ಗದಗ ವಾಲ್ವ್ ಕಾಕಾ:
ವೆಲ್ಡಿಂಗ್ ಇದ್ದಲ್ಲಿ ಎರಡೂ ಗುಂಯ್ ಅಂತಾವು. ಹಾವೇರಿ ತಮ್ಮಾ, ಆ ವೈಂಡಿಂಗಿನವ ಪ್ರೈಮರಿ-ಸೆಕೆಂಡರಿ ಎರಡೂ ಸುರುಳಿ ಒಂದರ ಮ್ಯಾಲ ಒಂದು ಪದರಾ ಬಿಟ್ಟು ಪದರಾ ಸುತ್ತಿದ್ನೋ, ಒಂದ ಸಲಕ್ಕ ಪೂರಾ ಸುತ್ತಿ ಮ್ಯಾಲ ಇನ್ನೊಂದೋ?

ಹಾವೇರಿ ಆರ್ಕೆಸ್ಟ್ರಾ:
ಪೂರಾ ಸುತ್ತಿ ಮ್ಯಾಲ ಇನ್ನೊಂದು. ಮೋಟರಿಗೆ ಸುತ್ತೂ ಮಂದಿ ಅವರು. ಯಾಕ್ರಿ?

ಗದಗ ವಾಲ್ವ್ ಕಾಕಾ:
ಹಂಗ ಸುತ್ತಿದ್ರ ಟ್ರೆಬಲ್ ಸಾಯತೈತಿ. ಸೌಂಡಿನವ ತಗದದ್ದಲ್ಲೋ ಅದು. ಪದರಿನ ನಡುವ ಕಾಗದಾನೂ ಸರಿ ಹಾಕಿರಲಿಕ್ಕಿಲ್ಲ, ಅದಕ್ಕ ಮತ್ತ ಸುಟ್ಟೈತಿ.

ಹಾವೇರಿ ಆರ್ಕೆಸ್ಟ್ರಾ:
ಟ್ರೆಬಲ್ ಮೊದಲಿಂದಾನೂ ತಗೀತಿದ್ದ ಕಾಕಾ, ಅಂವನ ಪರ ಮಾತಾಡಬ್ಯಾಡ್ರಿ. ನಿಮ್ಮ ಕಡೆ ತಂದಿದ್ರ ಎಷ್ಟ ತಗೋತಿದ್ರಿ?

ಗದಗ ವಾಲ್ವ್ ಕಾಕಾ:
ತಾಮ್ರದ ತಂತಿ ಹಿಡದು 1,900.

ಹಾವೇರಿ ಆರ್ಕೆಸ್ಟ್ರಾ:
21,000ಕ್ಕ ತಗೊಂಡಾಂವ ಶಿಗ್ಗಾಂವಿಯವ. ವಾಪಸ್ ಕೊಡ್ತಾನೇನು ಕೇಳ್ತೇನಿ.