ಸಹಾಯ ಬೇಕು: ಬೇರೆ ಜಾತಿಯಲ್ಲಿ ಹುಟ್ಟಿದವಳಿಗೆ ಇಷ್ಟಲಿಂಗ ದೀಕ್ಷೆ

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಹುಬ್ಬಳ್ಳಿಯವಳು, ವಯಸ್ಸು 41, ಹುಟ್ಟಿನಿಂದ ಲಿಂಗಾಯತಳಲ್ಲ. ಅವ್ವ ತೀರಿಕೊಂಡ ಮೇಲೆ ಪಕ್ಕದ ಮನೆ ಅಕ್ಕನ ಜೊತೆ ಸೋಮವಾರದ ಲಿಂಗಾಯತ ಬಳಗಕ್ಕೆ ಸುಮ್ನೆ ವಚನ ಕೇಳಲಿಕ್ಕೆ ಅಂತ ಹೋದವಳು, ಈಗ ಎರಡು ವರ್ಷದಿಂದ ಒಂದು ಸೋಮವಾರವೂ ತಪ್ಪಿಸಿಲ್ಲ. ಜಮಖಾನೆ ಹಾಸುವುದು, ಪ್ರಸಾದದ ತಟ್ಟೆ ತೊಳೆಯುವುದು ಎಲ್ಲಾ ನಾನೇ. ಆದರೆ ಪೂಜೆ ಶುರುವಾದಾಗ ಎಲ್ಲರೂ ಕರಡಿಗೆ (ಲಿಂಗ ಇಡುವ ಪುಟ್ಟ ಡಬ್ಬಿ) ತೆಗೆದು, ದೀಕ್ಷೆಯಲ್ಲಿ ಪಡೆದು ಮೈಮೇಲೆ ಧರಿಸುವ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ನನ್ನ ಅಂಗೈ ಖಾಲಿ.

ಹೋದ ತಿಂಗಳು ಧೈರ್ಯ ಮಾಡಿ ದೀಕ್ಷೆ ಕೇಳಿದೆ. "ಮನಿಯವರನ್ನ ಕರಕೊಂಡ ಬರ್ರಿ, ನೀವು ಯಾವ ಪೈಕಿ?" ಅಂತ ಬಳಗದವರು ನನ್ನ ಜಾತಿ ಕೇಳಿದರು. 12ನೇ ಶತಮಾನದಲ್ಲಿ, ಬಸವಣ್ಣನವರ ಕಾಲಕ್ಕೆ, ಅಕ್ಕಿ ಆಯುತ್ತಿದ್ದ ಆಯ್ದಕ್ಕಿ ಲಕ್ಕಮ್ಮ, ವೇಶ್ಯೆಯಾಗಿದ್ದ ಸೂಳೆ ಸಂಕವ್ವ ಎಲ್ಲಾ ಶರಣರ ಸಾಲಿನಲ್ಲೇ ಇದ್ದವರು ಅಲ್ವಾ? (ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ ಆಯಿತು.)

ಜಾತಿ ಕೇಳದೆ ದೀಕ್ಷೆ ಕೊಡುವ ಮಠ ಅಥವಾ ಬಳಗ ಧಾರವಾಡ, ಗದಗ ಕಡೆ ಗೊತ್ತಿದ್ದರೆ ತಿಳಿಸಿ. ನನ್ನ ಗಂಡ ಬರುವುದಿಲ್ಲ, ಅಡ್ಡಿಯೂ ಮಾಡುವುದಿಲ್ಲ, ಒಬ್ಬಳೇ ಹೋದರೆ ನಡೆಯುತ್ತದಾ? ಲಿಂಗವಂತರಿಗೆ ಸೂತಕ ಇಲ್ಲ, ಮುಟ್ಟಾದಾಗಲೂ ಪೂಜೆ ಬಿಡಬೇಕಿಲ್ಲ ಅಂತ ಓದಿದ್ದೇನೆ, ನಿಮ್ಮ ಮನೆಗಳಲ್ಲಿ ಹೇಗೆ? ಹೀಗೆ ಹೊರಗಿನಿಂದ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ.