ಮನೆಯಲ್ಲಿ ಬರುವ ಲೆಕ್ಕ ಪರೀಕ್ಷೆಯಲ್ಲಿ ಏಕೆ ಕೈಕೊಡುತ್ತದೆ?

ಪ್ರಶ್ನೆ: ಶಿರಸಿ ತಾಲ್ಲೂಕಿನ ಪಾಲಕರು

ನನ್ನ ಮಗಳು ಹತ್ತನೇ ತರಗತಿಯಲ್ಲಿದ್ದಾಳೆ. ಗಣಿತ ಪಠ್ಯಪುಸ್ತಕದ ಅಭ್ಯಾಸದ ಲೆಕ್ಕಗಳನ್ನೆಲ್ಲ ಆಯಾ ಪಾಠ ಮುಗಿದ ವಾರದಲ್ಲೇ ಬಿಡಿಸಿಬಿಡುತ್ತಾಳೆ. ನಾನು ಪಕ್ಕದಲ್ಲಿ ಕುಳಿತು ನೋಡಿದಾಗಲೂ ಎಲ್ಲಿಯೂ ತಡವರಿಸುವುದಿಲ್ಲ. ಆದರೆ ಶಾಲೆಯ ಪರೀಕ್ಷೆಗಳಲ್ಲಿ ಅಂಕ ಅರ್ಧದ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮನೆಗೆ ಬಂದು ಪುಸ್ತಕ ತೆರೆದ ಕೂಡಲೇ "ಅಯ್ಯೋ, ಇದು ನನಗೆ ಬರುತ್ತಿತ್ತು" ಎನ್ನುತ್ತಾಳೆ. ನಮ್ಮದು ಪೇಟೆಯಿಂದ ದೂರದ ಊರಾದ್ದರಿಂದ ಟ್ಯೂಷನ್ ಮುಗಿಸಿ ಮರಳಲು ಬಸ್ಸಿಲ್ಲ. ಮೇಲಾಗಿ ಅಡಿಕೆ ಕೊಯ್ಲು ಶುರುವಾಗಿರುವುದರಿಂದ ರಾತ್ರಿಯೂ ಮನೆಯಲ್ಲಿ ಸುಲಿಯುವವರ ಮಾತುಕತೆ ನಡೆದೇ ಇರುತ್ತದೆ. ಅವಳಿಗೆ ಸಿಗುವುದು ಬೆಳಗಿನ ಒಂದು ತಾಸು ಮಾತ್ರ. ಆ ಒಂದು ತಾಸಿನಲ್ಲಿ ಇನ್ನೂ ಹೆಚ್ಚು ಲೆಕ್ಕಗಳನ್ನು ಮಾಡಿಸಬೇಕೇ, ಅಥವಾ ಓದುವ ಕ್ರಮವನ್ನೇ ಬದಲಿಸಬೇಕೇ?

ಉತ್ತರ: ಕುಮಟಾದ ಗಣಿತ ಶಿಕ್ಷಕರು

ಕ್ರಮವನ್ನೇ ಬದಲಿಸಿ. ತಾವು ಹೇಳಿದ್ದನ್ನು ನೋಡಿದರೆ ತಮ್ಮ ಮಗಳಿಗೆ ಲೆಕ್ಕ ಬಿಡಿಸಲು ಬರುತ್ತದೆ, ಆದರೆ ಯಾವ ಲೆಕ್ಕಕ್ಕೆ ಯಾವ ದಾರಿ ಎಂಬುದನ್ನು ತಾನೇ ಆರಿಸಿಕೊಳ್ಳುವ ಅಭ್ಯಾಸವಾಗಿಲ್ಲ. ಪಠ್ಯಪುಸ್ತಕದಲ್ಲಿ ಆ ಆಯ್ಕೆಯನ್ನು ಪಾಠದ ಶೀರ್ಷಿಕೆಯೇ ಮಾಡಿಕೊಟ್ಟಿರುತ್ತದೆ.

ಒಂದು ಉದಾಹರಣೆ ನೋಡಿ: "7ರಿಂದ ನಿಃಶೇಷವಾಗಿ ಭಾಗವಾಗುವ ಮೂರಂಕಿಯ ಸಂಖ್ಯೆಗಳು ಎಷ್ಟಿವೆ?" ಸಮಾಂತರ ಶ್ರೇಢಿಯ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಪಾಠದಲ್ಲಿ ಈ ಪ್ರಶ್ನೆ ಬಂದರೆ ಮಕ್ಕಳು ಯೋಚಿಸದೆ 105, 112, 119 ಎಂದು ಬರೆದು, ಕೊನೆಯ ಪದ 994 ಎಂದು ಕಂಡುಕೊಂಡು, ಸೂತ್ರಕ್ಕೆ ಹಾಕಿ 128 ಎಂದು ಉತ್ತರಿಸುತ್ತಾರೆ. ಅದೇ ಪ್ರಶ್ನೆಯನ್ನು ತ್ರಿಕೋನಮಿತಿ ಮತ್ತು ಸಂಭವನೀಯತೆಯ ಲೆಕ್ಕಗಳ ನಡುವೆ ಇಟ್ಟರೆ ಅರ್ಧ ತರಗತಿ 100ರಿಂದ ಒಂದೊಂದಾಗಿ ಭಾಗಿಸಲು ತೊಡಗುತ್ತದೆ. ದಾರಿ ಹೊಳೆದವರಲ್ಲಿಯೂ ಕೆಲವರು 994ರಿಂದ 105 ಕಳೆದು 7ರಿಂದ ಭಾಗಿಸಿ, 127 ಎಂದು ಬರೆದು ನಿಲ್ಲಿಸುತ್ತಾರೆ, ಏಕೆಂದರೆ ಒಂದನ್ನು ಕೂಡಿಸಬೇಕೆಂಬುದು ಅವರಿಗೆ ಸೂತ್ರದ ಭಾಗವಾಗಿ ಮಾತ್ರ ಗೊತ್ತಿರುತ್ತದೆ. 7, 14, 21 ಎಂಬ ಮೂರೇ ಸಂಖ್ಯೆಗಳನ್ನು ಇಟ್ಟುಕೊಂಡು ನಡುವಿನ ಅಂತರಗಳು ಎರಡು, ಪದಗಳು ಮೂರು ಎಂದು ಒಮ್ಮೆ ತಾವೇ ಎಣಿಸಿದವರು ಅದನ್ನು ಮರೆಯುವುದಿಲ್ಲ.

ಆದ್ದರಿಂದ ಬೆಳಗಿನ ಆ ತಾಸಿನಲ್ಲಿ ಒಂದೇ ಪಾಠದ ಹತ್ತು ಲೆಕ್ಕಗಳ ಬದಲು ಐದು ಬೇರೆ ಬೇರೆ ಪಾಠಗಳ ಐದು ಲೆಕ್ಕಗಳನ್ನು ಕೊಡಿ. ಪುಸ್ತಕ ಮುಚ್ಚಿರಲಿ, ಗೈಡ್ ಅಂತೂ ಕೈಗೆಟುಕದ ಕಡೆ ಇರಲಿ. ಬಿಡಿಸಿಟ್ಟ ಲೆಕ್ಕವನ್ನು ಗೈಡಿನಲ್ಲಿ ಓದಿದಾಗ ಎಲ್ಲವೂ ತಿಳಿದಂತೆಯೇ ಕಾಣುತ್ತದೆ. ಈ ಭ್ರಮೆಯಿಂದಲೇ ಹೆಚ್ಚಿನ ಮಕ್ಕಳು ಕೆಡುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಕಾರವಾರದ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಸರ್ ಹೇಳಿದ್ದಕ್ಕೆ ಪುಷ್ಟಿ ನೀಡುವ ಒಂದು ಪ್ರಯೋಗವಿದೆ. ಅಮೆರಿಕದ ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಂಡುಹಿಡಿಯುವುದನ್ನು ಕಲಿಸಿದರು. ಒಂದು ಗುಂಪಿಗೆ ಒಂದು ಬಗೆಯ ಲೆಕ್ಕಗಳೆಲ್ಲ ಮುಗಿದ ಮೇಲೆ ಇನ್ನೊಂದು ಬಗೆ, ಮತ್ತೊಂದು ಗುಂಪಿಗೆ ಎಲ್ಲವೂ ಕಲಸಿ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿನದು ಶೇ. 89 ಸರಿಯುತ್ತರ, ಕಲಸಿ ಮಾಡಿದವರದು ಶೇ. 60. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಮೊದಲ ಗುಂಪು ಶೇ. 20ಕ್ಕೆ ಕುಸಿದಿತ್ತು, ಎರಡನೆಯ ಗುಂಪು ಶೇ. 63ರಲ್ಲಿತ್ತು. ಕಲಸಿ ಮಾಡುವಾಗ ತಪ್ಪುಗಳು ಹೆಚ್ಚುವುದು ಸಹಜವೆಂಬುದನ್ನು ತಮ್ಮ ಮಗಳಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಎರಡೇ ದಿನಕ್ಕೆ ಬೇಸತ್ತು ಹಳೆಯ ಕ್ರಮಕ್ಕೆ ಮರಳುತ್ತಾಳೆ.

ಇದರ ಜೊತೆಗೆ ತಪ್ಪಿದ ಲೆಕ್ಕಗಳಿಗೆಂದೇ ಒಂದು ಪಟ್ಟಿ ಪುಸ್ತಕ ಇರಲಿ. ಅದರಲ್ಲಿ ಸರಿಯುತ್ತರವನ್ನು ನಕಲು ಮಾಡುವುದಕ್ಕಿಂತ, ತಪ್ಪಿದ್ದು ಎಲ್ಲಿ ಎಂದು ಒಂದು ಸಾಲು ಬರೆಯುವುದು ಮುಖ್ಯ: ದಾರಿಯೇ ತಿಳಿಯಲಿಲ್ಲವೋ, ಸೂತ್ರ ಮರೆತುಹೋಯಿತೋ, ಆವರಣ ಬಿಡಿಸುವಾಗ ಋಣ ಚಿಹ್ನೆ ಕಳೆದುಹೋಯಿತೋ. ಮೂರಕ್ಕೂ ಮದ್ದು ಬೇರೆ ಬೇರೆ. ಚಿಹ್ನೆ ತಪ್ಪುವವರು ಮತ್ತಷ್ಟು ಸೂತ್ರ ಉರು ಹೊಡೆದರೆ ಏನೂ ಪ್ರಯೋಜನವಿಲ್ಲ.

ಉತ್ತರ: ಹೊನ್ನಾವರದ ಪಾಲಕರು

ಇದೆಲ್ಲ ಚೆನ್ನಾಗಿ ಓದುವ ಮಕ್ಕಳ ಮಾತಾಯಿತು. ನನ್ನ ಮಗನಿಗೆ ಭಿನ್ನರಾಶಿ ಕೂಡುವುದೇ ಕಷ್ಟವಾಗಿದ್ದಾಗ ಐದು ಪಾಠ ಕಲಸಿ ಕೊಟ್ಟಿದ್ದರೆ ಪುಸ್ತಕ ಬಿಸಾಡಿ ಓಡುತ್ತಿದ್ದ. ಅಂಥವರಿಗೆ ಮೊದಲು ಒಂದು ಪಾಠವಾದರೂ ಗಟ್ಟಿಯಾಗಬೇಕು, ಧೈರ್ಯ ಬರಬೇಕು. ಅವನಿಗೆ ನೆರವಾದದ್ದು ಪ್ರಮೇಯಗಳು. ಹತ್ತನೇ ತರಗತಿಯ ಗಣಿತದ ಲಿಖಿತ ಪರೀಕ್ಷೆ 80 ಅಂಕಗಳಿಗೆ. ತ್ರಿಭುಜದ ಬಗೆಗಿನ ಥೇಲ್ಸ್ ಪ್ರಮೇಯದಂಥ ಪ್ರಶ್ನೆಯಲ್ಲಿ ಚಿತ್ರ, ದತ್ತ (ಕೊಟ್ಟಿರುವುದು), ಸಾಧನೀಯ (ಸಾಧಿಸಬೇಕಾದದ್ದು), ರಚನೆ ಇವುಗಳಿಗೂ ಸಾಮಾನ್ಯವಾಗಿ ಅರ್ಧರ್ಧ ಅಂಕ ಇರುತ್ತದೆ. ಪರೀಕ್ಷಾ ಮಂಡಳಿ ಪ್ರಕಟಿಸುವ ಮಾದರಿ ಉತ್ತರಗಳಲ್ಲಿ ಹಂತ ಹಂತಕ್ಕೆ ಅಂಕ ಹೇಗೆ ಬೀಳುತ್ತದೆ ಎಂಬುದನ್ನು ನೋಡಿದ ಮೇಲೆ, ಉತ್ತರ ಸಿಗದಿದ್ದರೂ ಸೂತ್ರ ಬರೆದು ಬೆಲೆಗಳನ್ನು ಹಾಕುವಷ್ಟು ಅವನು ಕಲಿತುಕೊಂಡ.

ಪ್ರಶ್ನೆ ಕೇಳಿದ ಪಾಲಕರು

ಎಲ್ಲರಿಗೂ ಧನ್ಯವಾದಗಳು. ಒಂದು ಸಂದೇಹ: ಪುಸ್ತಕದಿಂದ ಲೆಕ್ಕ ಆರಿಸುವವಳು ಅವಳೇ ಆದರೆ ಅದು ಯಾವ ಪಾಠದ್ದೆಂದು ಗೊತ್ತಾಗಿಯೇ ಬಿಡುತ್ತದೆ. ನನಗೆ ಗಣಿತ ಅಷ್ಟಾಗಿ ಬರುವುದಿಲ್ಲ.

ಉತ್ತರ: ಕುಮಟಾದ ಗಣಿತ ಶಿಕ್ಷಕರು

ತಮಗೆ ಗಣಿತ ಬರಬೇಕಾಗಿಲ್ಲ, ಅಕ್ಷರ ಬಂದರೆ ಸಾಕು. ಪ್ರತಿ ಪಾಠದಿಂದ ಆರೇಳು ಲೆಕ್ಕಗಳನ್ನು ಒಂದೊಂದು ಚೀಟಿಗೆ ನಕಲು ಮಾಡಿ, ಹಿಂಬದಿಯಲ್ಲಿ ಪುಟ ಸಂಖ್ಯೆ ಮಾತ್ರ ಬರೆದು ಡಬ್ಬಿಗೆ ಹಾಕಿಡಿ. ಬೆಳಿಗ್ಗೆ ಅವಳು ಐದು ಚೀಟಿ ಎತ್ತಲಿ. ಬಿಡಿಸುವ ಮೊದಲು ದಾರಿ ಯಾವುದೆಂದು ಬಾಯಲ್ಲಿ ಹೇಳಲಿ, ಮುಗಿದ ಮೇಲೆ ಪುಟ ತೆರೆದು ತಾಳೆ ನೋಡಲಿ. ಸರಿಯಾದ ಚೀಟಿಯನ್ನು ಎರಡು ವಾರ ಹೊರಗಿಟ್ಟು ಮತ್ತೆ ಡಬ್ಬಿಗೆ ಹಾಕಿ, ತಪ್ಪಿದ್ದನ್ನು ಮೂರನೆಯ ದಿನಕ್ಕೇ ಹಾಕಿ. ಹೊನ್ನಾವರದವರ ಮಾತೂ ಸರಿಯೇ ಇದೆ: ಹೊಸ ಪಾಠದ ಚೀಟಿಗಳನ್ನು ಅದರ ಅಭ್ಯಾಸ ಮುಗಿಯುವ ತನಕ ಡಬ್ಬಿಗೆ ಸೇರಿಸಬೇಡಿ.