ದೇವರನಾಮಗಳ ಮಟ್ಟುಗಳನ್ನು (ಹಾಡುವ ಧಾಟಿಗಳನ್ನು) ಕುರಿತು ಪಿಎಚ್.ಡಿ. ಮಾಡಬಹುದೇ?

ಪ್ರಶ್ನೆ:
ಕರ್ನಾಟಕ ಸಂಗೀತ ಗಾಯನದಲ್ಲಿ ಶೇ. 58 ಅಂಕಗಳೊಂದಿಗೆ ಎಂ.ಎ. ಮುಗಿಸಿ, ನಾಲ್ಕು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನಮ್ಮ ಅಜ್ಜಿ ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕದಲ್ಲಿ ಪ್ರತಿಯೊಂದು ದೇವರನಾಮದ ತಲೆಯ ಮೇಲೂ ರಾಗ, ತಾಳಗಳ ಹೆಸರಿದೆ. ಅಲ್ಲಿ ಝಂಪೆ ತಾಳವೆಂದು ಬರೆದಿರುವ ಕೆಲವನ್ನು ನಾನು ಕಲಿತದ್ದು ಆದಿತಾಳದಲ್ಲಿ. ಈ ವ್ಯತ್ಯಾಸವನ್ನೇ ಹಿಡಿದು ಸಂಶೋಧನೆ ಮಾಡುವ ಆಸೆಯಿದೆ. ಆದರೆ ಕಛೇರಿಯ ಅನುಭವ ಕಡಿಮೆ. ಎಲ್ಲಿಂದ ಆರಂಭಿಸಲಿ?

ಉತ್ತರ 1:
ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಸಾಕು, ನಿಮಗೆ ಅರ್ಹತೆಯಿದೆ. 2024ರಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕಗಳನ್ನೂ ಪ್ರವೇಶಕ್ಕೆ ಬಳಸಬಹುದಾಗಿದೆ. ಅರ್ಜಿ ಹಾಕುವ ಮೊದಲು ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಲ್ಲಾಗಲಿ, ಬೇರೆಡೆಯಾಗಲಿ, ಮಾರ್ಗದರ್ಶಕರ ಬಳಿ ಸ್ಥಾನ ಖಾಲಿಯಿದೆಯೇ ಎಂದು ವಿಚಾರಿಸಿಕೊಳ್ಳಿ. ಪ್ರಾಧ್ಯಾಪಕರೊಬ್ಬರು ಒಂದೇ ವೇಳೆಗೆ 8 ಮಂದಿಗಿಂತ ಹೆಚ್ಚು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವಂತಿಲ್ಲ. ಸಹಾಯಕ ಪ್ರಾಧ್ಯಾಪಕರಿಗೆ ಆ ಮಿತಿ 4. ಎಷ್ಟೋ ಒಳ್ಳೆಯ ವಿಷಯಗಳು ಇಲ್ಲಿಯೇ ನಿಂತುಹೋಗುತ್ತವೆ.

ಉತ್ತರ 2:
ಕಛೇರಿಯ ಅನುಭವದ ಬಗ್ಗೆ ಅಂಜಬೇಡಿ. ನಿಮ್ಮ ಬಳಿ ಇರುವ ಪುಸ್ತಕವೇ ದೊಡ್ಡ ಬಂಡವಾಳ. ಆದರೆ ‘ದಾಸರ ಮೂಲ ಮಟ್ಟು’ ಎಂಬ ಮಾತನ್ನು ಶೀರ್ಷಿಕೆಗೆ ತರಬೇಡಿ, ಏಕೆಂದರೆ ಪುರಂದರದಾಸರು ಹಾಡಿದ ಮಟ್ಟುಗಳು ಸ್ವರಲಿಪಿಯಲ್ಲಿ ಉಳಿದು ಬಂದಿಲ್ಲ. ಕಳೆದ ನೂರು ವರ್ಷಗಳಲ್ಲಿ ತಾಳ ಏಕೆ ಬದಲಾಯಿತು ಎಂದು ಕೇಳಿದರೆ ಪ್ರಶ್ನೆ ಕೈಗೆ ಸಿಗುತ್ತದೆ. ಒಂದು ಹಾಡನ್ನು ತೆಗೆದುಕೊಂಡು ಸಾಹಿತ್ಯದ ಮಾತ್ರೆಗಳನ್ನು ಎಣಿಸಿ: ಐದೈದು ಮಾತ್ರೆಯ ಗಣಗಳಿದ್ದರೆ ಎರಡು ಗಣಗಳು ಸೇರಿ ಝಂಪೆಯ 10 ಅಕ್ಷರಗಳ (ತಾಳದ ಎಣಿಕೆಗಳ) ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, ಸಲೀಸಾಗಿ ಕೂರುತ್ತವೆ. ಅದನ್ನೇ 8 ಅಕ್ಷರಗಳ ಆದಿತಾಳಕ್ಕೆ ತಂದಾಗ ಯಾವ ಸ್ವರವನ್ನು ಎಳೆಯಬೇಕಾಯಿತು, ಪದವೊಂದು ಎಲ್ಲಿ ಒಡೆಯಿತು ಎಂಬುದು ಹಾಡುತ್ತಲೇ ತಿಳಿಯುತ್ತದೆ. ಪಾಠ ಹೇಳುವವರಿಗೆ ಇದು ಇನ್ನೂ ಬೇಗ ಕಿವಿಗೆ ಬೀಳುತ್ತದೆ. ಭಾರತದ ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಸಂಗ್ರಹವಾದ ಶೋಧಗಂಗಾದಲ್ಲಿ ಹಿಂದಿನ ಪ್ರಬಂಧಗಳನ್ನು ಒಮ್ಮೆ ನೋಡಿಬಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಒಂದು ಹಾಡನ್ನು ಎಣಿಸಿ ನೋಡಿದೆ. ಪಲ್ಲವಿಯ ಗಣಗಳೆಲ್ಲವೂ ಐದೇ ಮಾತ್ರೆಯವು. ಅಜ್ಜಿಯ ತಂಗಿ ಊರಿನಲ್ಲಿದ್ದಾರೆ, ಅವರಿಗೆ 81 ವರ್ಷ, ಇಂದಿಗೂ ಇವನ್ನು ಹಾಡುತ್ತಾರೆ.

ಉತ್ತರ 2:
ಹಾಗಿದ್ದರೆ ಪ್ರವೇಶಕ್ಕೆ ಕಾಯದೆ ಈ ವಾರವೇ ಹೋಗಿ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಶ್ರುತಿ ಪೆಟ್ಟಿಗೆಯನ್ನು ಮುಂದಿಟ್ಟು ಒತ್ತಾಯಿಸಬೇಡಿ. ಅವರು ತಮ್ಮ ಶ್ರುತಿಯಲ್ಲಿ, ತಾವೇ ತಾಳ ಹಾಕಿಕೊಂಡು ಹಾಡಲಿ. ಯಾರಿಂದ, ಯಾವ ಸಂದರ್ಭದಲ್ಲಿ ಕಲಿತರೆಂಬುದನ್ನೂ ಅವರ ಮಾತಿನಲ್ಲೇ ದಾಖಲಿಸಿಕೊಳ್ಳಿ.